ನಿಮ್ಮ ಚರ್ಮಕ್ಕೆ ನಿಮ್ಮದೇ ಅಳತೆ

ಎಲ್ಲರಿಗೂ ನಮಸ್ಕಾರ.

ಚರ್ಮದ ಆರೈಕೆಯ ಮಾತು ಬಂದೊಡನೆ ಸಭೆಯಿಂದ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಡಾಕ್ಟರೇ, ಯಾವ ಕ್ರೀಮ್ ಹಚ್ಚಬೇಕು, ಹೆಸರು ಹೇಳಿಬಿಡಿ.’ ಕೇಳುವವರಲ್ಲಿ ತಪ್ಪಿಲ್ಲ. ಅಂಗಡಿಯ ಕಪಾಟಿನ ಮುಂದೆ ನಿಂತರೆ ತಲೆ ತಿರುಗುವಷ್ಟು ಬಾಟಲಿಗಳು, ಮೊಬೈಲ್ ತೆರೆದರೆ ದಿನಕ್ಕೊಂದು ಹೊಸ ಸಲಹೆ. ಆದರೂ ನಾನು ಇಂದು ಯಾವ ಹೆಸರನ್ನೂ ಹೇಳುವುದಿಲ್ಲ. ಅಕ್ಕನಿಗೆ ಒಗ್ಗಿದ ಟ್ಯೂಬು ತಂಗಿಯ ಮುಖದಲ್ಲಿ ಉರಿ ಎಬ್ಬಿಸುವುದನ್ನು ಚರ್ಮವೈದ್ಯರೆಲ್ಲ ನಿತ್ಯವೂ ನೋಡುತ್ತಾರೆ. ಎಷ್ಟೋ ಸಲ ಆ ಟ್ಯೂಬಿನಲ್ಲಿ ದೋಷವೇ ಇರುವುದಿಲ್ಲ. ಎಷ್ಟು ಹಚ್ಚಿದರು, ವಾರಕ್ಕೆ ಎಷ್ಟು ಬಾರಿ ಹಚ್ಚಿದರು, ಅದರ ಮೇಲೆ ಮತ್ತೇನು ಹಚ್ಚಿದರು ಎಂದು ಕೇಳುತ್ತಾ ಹೋದರೆ ತೊಂದರೆಯ ಮೂಲ ಅಲ್ಲಿ ಸಿಗುತ್ತದೆ. ಆದ್ದರಿಂದ ನಾನು ಒತ್ತಿ ಹೇಳಬಯಸುವುದು ಇಷ್ಟು: ಉತ್ಪನ್ನವನ್ನು ಬದಲಿಸುವ ಮೊದಲು ಅದರ ಪ್ರಮಾಣವನ್ನೂ ಸರದಿಯನ್ನೂ ಬದಲಿಸಿ ನೋಡಿ. ಆ ಅಳತೆಯನ್ನು ನಿಮಗೆ ನಿಮ್ಮ ಚರ್ಮವೇ ತಿಳಿಸುತ್ತದೆ. ಅದನ್ನು ಗಮನಿಸುವ ಬಗೆ ಗೊತ್ತಿರಬೇಕು, ಅಷ್ಟೆ.

ಮೊದಲು ಚರ್ಮದ ಕೆಲಸವೇನು ಎಂದು ನೋಡೋಣ. ನಾವು ಹಚ್ಚುವುದೆಲ್ಲ ಮೊದಲು ತಾಗುವುದು ಚರ್ಮದ ತೀರಾ ಹೊರಗಿನ ಪದರಕ್ಕೆ. ಮುಖದ ಮೇಲೆ ಅದರ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ. ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಅದನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವೆ ತುಂಬಿರುವ ಕೊಬ್ಬಿನ ಅಂಶಗಳು ಗಾರೆ. ಆ ಗಾರೆಯ ಸುಮಾರು ಅರ್ಧ ಭಾಗ ಸೆರಮೈಡ್ ಎಂಬ ಬಗೆಯ ಕೊಬ್ಬು. ಉಳಿದದ್ದು ಮುಖ್ಯವಾಗಿ ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಕಿರಿಕಿರಿಯ ವಸ್ತುಗಳು ಒಳನುಗ್ಗದಂತೆ ತಡೆಯುವುದು ಇದೇ. ಗಾರೆ ಸವೆದಾಗ ನೀರು ಸೋರುತ್ತದೆ. ನಿನ್ನೆಯವರೆಗೆ ಸುಮ್ಮನಿದ್ದ ಚರ್ಮ ಇಂದು ಸಾದಾ ಕ್ರೀಮಿಗೂ ಚುರುಗುಟ್ಟುತ್ತದೆ.

ಈ ಪದರದ ಮೇಲ್ಮೈ ಸ್ವಲ್ಪ ಆಮ್ಲೀಯ. ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾಪನದಲ್ಲಿ ಅಂಕಿ 7ಕ್ಕಿಂತ ಕೆಳಗಿಳಿದಷ್ಟೂ ಆಮ್ಲೀಯ; ಚರ್ಮದ ಪಿಎಚ್ ಸುಮಾರು 4.5ರಿಂದ 5.5. ಚರ್ಮದ ಈ ಆಮ್ಲೀಯ ಹೊದಿಕೆಯನ್ನು ಜರ್ಮನಿಯ ವೈದ್ಯರಿಬ್ಬರು 1928ರಲ್ಲೇ ವಿವರಿಸಿದ್ದರು. ಸೆರಮೈಡ್ ತಯಾರಿಸುವ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುವುದು ಈ ಆಮ್ಲೀಯ ವಾತಾವರಣದಲ್ಲಿ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಅದರಿಂದ ಮುಖ ತೊಳೆದರೆ ಚರ್ಮ ಮೊದಲಿನ ಸ್ಥಿತಿಗೆ ಮರಳಲು ಗಂಟೆಗಳೇ ಬೇಕಾಗಬಹುದು. ದಿನಕ್ಕೆ ಒಮ್ಮೆಯಾದರೆ ಬಹಳ ಮಂದಿಯ ಚರ್ಮ ಸುಧಾರಿಸಿಕೊಳ್ಳುತ್ತದೆ. ನಾಲ್ಕೈದು ಬಾರಿ ತಿಕ್ಕಿದರೆ ಅದಕ್ಕೆ ಸುಧಾರಿಸಿಕೊಳ್ಳುವ ಸಮಯವೇ ಸಿಗುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಖದ ಮೇಲೆ ಕಾಣುವ ಜಿಡ್ಡು ಬೇರೆ, ಈಗ ಹೇಳಿದ ಗಾರೆ ಬೇರೆ. ಜಿಡ್ಡು ಬರುವುದು ರೋಮದ ಬುಡದ ಎಣ್ಣೆ ಗ್ರಂಥಿಗಳಿಂದ. ಗಾರೆ ತಯಾರಾಗುವುದು ಚರ್ಮದ ಜೀವಕೋಶಗಳಲ್ಲೇ. ಪುಟ್ಟ ಮಕ್ಕಳಲ್ಲಿ ಎಣ್ಣೆ ಗ್ರಂಥಿಗಳು ಹೆಚ್ಚುಕಡಿಮೆ ನಿದ್ರಿಸುತ್ತಿರುತ್ತವೆ, ಆದರೂ ಅವರ ಕೆನ್ನೆ ನುಣುಪಾಗಿಯೇ ಇರುತ್ತದೆ. ಮತ್ತೊಂದು ಕಡೆ, ಹಣೆ ಮೂಗು ಹೊಳೆಯುವಷ್ಟು ಜಿಡ್ಡಿರುವ ಹದಿಹರೆಯದವರ ಚರ್ಮದಲ್ಲಿ ಗಾರೆ ಪೂರಾ ಹಾಳಾಗಿರಬಹುದು. ‘ಮುಖ ಜಿಡ್ಡಾಗಿದೆ, ಆದರೆ ಎಳೆದುಕಟ್ಟಿದಂತೆ ಬಿಗಿಯುತ್ತದೆ’ ಎಂದು ಅವರು ಹೇಳಿದರೆ ಅದರಲ್ಲಿ ವಿರೋಧಾಭಾಸವಿಲ್ಲ, ಎರಡೂ ನಿಜ. ಅವರು ಮಾಡುವುದೇನು? ಜಿಡ್ಡು ತೆಗೆಯಲೆಂದು ಇನ್ನೂ ಕಟುವಾದ ಫೇಸ್‌ವಾಶ್, ಇನ್ನೊಮ್ಮೆ ಸ್ಕ್ರಬ್, ಮಾಯಿಶ್ಚರೈಸರ್ ಪೂರ್ತಿ ಬಂದ್. ಜಿಡ್ಡು ಒಂದೆರಡು ಗಂಟೆಯಲ್ಲಿ ಮರಳುತ್ತದೆ. ಹಾಳಾದ ಗಾರೆ ಅಷ್ಟು ಬೇಗ ಮರಳುವುದಿಲ್ಲ.

ಹಾಗಾದರೆ ‘ನನ್ನದು ಯಾವ ಬಗೆಯ ಚರ್ಮ?’ ಒಣ, ಜಿಡ್ಡಿನ, ಮಿಶ್ರ, ಸೂಕ್ಷ್ಮ ಎಂಬ ನಾಲ್ಕು ಹೆಸರುಗಳು ಎಲ್ಲರಿಗೂ ಬಾಯಿಪಾಠ. ಅವು ತಕ್ಕಮಟ್ಟಿಗೆ ಉಪಯುಕ್ತ, ಆದರೆ ಜನ್ಮಕ್ಕೆ ಅಂಟಿದ ಗುರುತಿನ ಚೀಟಿಗಳಲ್ಲ. ಸೆಖೆಯಲ್ಲಿ ಜಿಡ್ಡು ಹೆಚ್ಚುತ್ತದೆ, ಚಳಿಯ ಒಣಗಾಳಿಯಲ್ಲಿ ಅದೇ ಚರ್ಮ ಸಿಪ್ಪೆ ಏಳುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಬಗೆ, ಬಸುರಿನಲ್ಲಿ ಇನ್ನೊಂದು ಬಗೆ. ಮುಟ್ಟು ನಿಂತ ಮೇಲೆ ಎಣ್ಣೆ ಗ್ರಂಥಿಗಳು ಮಂಕಾಗುತ್ತವೆ. ದಿನವಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಕೂರುವವರ ಕೆನ್ನೆಯೂ ಬಿಸಿಲಿನಲ್ಲಿ ದುಡಿಯುವವರ ಕೆನ್ನೆಯೂ ಒಂದೇ ಆಗಿರಲಾರವು. ಇಪ್ಪತ್ತರ ವಯಸ್ಸಿನಲ್ಲಿ ನೀವೇ ಕೊಟ್ಟುಕೊಂಡ ಹೆಸರನ್ನು ನಲವತ್ತರಲ್ಲೂ ನಂಬಿಕೊಂಡಿರಬೇಡಿ.

ಹೆಸರಿಗಿಂತ ಒಂದು ಸರಳ ಪರೀಕ್ಷೆ ಹೆಚ್ಚು ತಿಳಿಸುತ್ತದೆ. ಬಿಡುವಿರುವ ಒಂದು ಬೆಳಗ್ಗೆ ಸೌಮ್ಯವಾದ ಕ್ಲೆನ್ಸರ್‌ನಿಂದ ಮುಖ ತೊಳೆದು, ಮೆತ್ತಗೆ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಹತ್ತು ನಿಮಿಷಕ್ಕೆ ಒಮ್ಮೆ ಬಾಯಿ ದೊಡ್ಡದಾಗಿ ತೆರೆದು ನೋಡಿ: ತುಟಿಯ ಸುತ್ತ, ಕೆನ್ನೆಯ ಮೇಲೆ ಚರ್ಮ ಎಳೆದಂತಾಗುತ್ತದೆಯೇ? ಬಿಗಿತ ತಾನಾಗಿ ಇಳಿಯಿತೇ, ಗಂಟೆಯಾದರೂ ಉಳಿಯಿತೇ? ಗಂಟೆ ತುಂಬಿದ ಮೇಲೆ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕನ್ನಡಿ ನೋಡಿ. ಟಿಶ್ಯೂ ಕಾಗದದ ತುಂಡುಗಳನ್ನು ಹಣೆ, ಮೂಗಿನ ಪಕ್ಕ, ಕೆನ್ನೆ, ಗಲ್ಲದ ಮೇಲೆ ಬೇರೆ ಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿಯಿರಿ. ಎಲ್ಲಿ ಕಾಗದ ಪಾರದರ್ಶಕವಾಗಿದೆಯೋ ಅಲ್ಲಿ ಎಣ್ಣೆ ಇದೆ. ಬಹಳ ಜನರಿಗೆ ನಾಲ್ಕು ತುಂಡುಗಳೂ ನಾಲ್ಕು ರೀತಿ ಕಾಣುತ್ತವೆ. ಇಡೀ ಮುಖಕ್ಕೆ ಒಂದೇ ಪದಾರ್ಥವನ್ನು ಒಂದೇ ದಪ್ಪಕ್ಕೆ ಬಳಿಯುವುದು ಏಕೆ ಸರಿಯಲ್ಲ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಕೆನ್ನೆಗೆ ಎರಡು ಪದರ ಕ್ರೀಮ್, ಹಣೆಗೆ ತೆಳ್ಳಗೆ ಒಂದು ಸವರು. ಇದಕ್ಕೆ ಹೊಸ ಬಾಟಲಿ ಬೇಕಿಲ್ಲ. ಋತು ಬದಲಾದಾಗ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಇನ್ನು ದಿನಚರಿಯ ತಳಹದಿ. ತೊಳೆಯುವುದು, ತೇವ ಉಳಿಸುವುದು, ಬಿಸಿಲಿನಿಂದ ಕಾಯುವುದು, ಇವು ಮೂರೇ. ತೊಳೆಯುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ರಾತ್ರಿ ಒಮ್ಮೆ ಕ್ಲೆನ್ಸರ್ ಕಡ್ಡಾಯ, ಬೆಳಗ್ಗೆ ಒಣ ಚರ್ಮದವರಿಗೆ ಬರಿಯ ನೀರು ಸಾಕು, ನೀರು ಉಗುರುಬೆಚ್ಚಗಿದ್ದರೆ ಸಾಕು.

ಮಾಯಿಶ್ಚರೈಸರ್ ಆರಿಸುವಾಗ ಬೆಲೆಗಿಂತ ಅದರ ಮೈಕಟ್ಟನ್ನು ನೋಡಿ. ಗ್ಲಿಸರಿನ್, ಹೈಅಲುರಾನಿಕ್ ಆಮ್ಲ, ಯೂರಿಯಾ ಇವು ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿಯಂಥವು ಮೇಲೆ ಮುಚ್ಚಳ ಹಾಕಿ ನೀರು ಹಾರದಂತೆ ತಡೆಯುತ್ತವೆ. ಜೆಲ್ ಮತ್ತು ಲೋಷನ್‌ನಲ್ಲಿ ನೀರಿನಂಶ ಹೆಚ್ಚು, ಕ್ರೀಮಿನಲ್ಲಿ ಅದಕ್ಕಿಂತ ಕಡಿಮೆ, ಮುಲಾಮಿನಲ್ಲಿ ಬಹುಪಾಲು ಜಿಡ್ಡೇ. ಜಿಡ್ಡಿನ ಚರ್ಮಕ್ಕೆ ಜೆಲ್, ಒಣ ಚರ್ಮಕ್ಕೆ ಕ್ರೀಮ್ ಎಂದು ಶುರುಮಾಡಿ, ಬಿಗಿತ ಉಳಿದರೆ ಒಂದು ಮೆಟ್ಟಿಲು ದಪ್ಪಗೆ, ಜಿಗುಟೆನಿಸಿದರೆ ಒಂದು ಮೆಟ್ಟಿಲು ತೆಳ್ಳಗೆ ಸರಿಯಿರಿ. ಮುಖ ಪೂರ್ತಿ ಒಣಗುವ ಮುನ್ನ, ಇನ್ನೂ ತುಸು ಒದ್ದೆಯಿರುವಾಗಲೇ ಹಚ್ಚಿದರೆ ಅದೇ ಕ್ರೀಮ್ ಹೆಚ್ಚು ಕೆಲಸ ಮಾಡುತ್ತದೆ. ಯಾವ ಎಣ್ಣೆ ರಂಧ್ರ ಮುಚ್ಚಿಸುತ್ತದೆ ಎಂದು ಅಂಕ ಕೊಡುವ ಪಟ್ಟಿಗಳನ್ನು ನೀವು ನೋಡಿರಬಹುದು. ಅವುಗಳ ಮೂಲ ಬಹುಮಟ್ಟಿಗೆ ಮೊಲದ ಕಿವಿಯ ಮೇಲೆ ನಡೆಸಿದ ಹಳೆಯ ಪ್ರಯೋಗಗಳು, ಮೊಲದ ಕಿವಿಯೋ ಮನುಷ್ಯನ ಮುಖಕ್ಕಿಂತ ಬೇಗ ಪ್ರತಿಕ್ರಿಯಿಸುತ್ತದೆ. ಅಂಥ ಪಟ್ಟಿ ನೋಡಿ ನಿಮಗೆ ಒಗ್ಗಿರುವ ಕ್ರೀಮನ್ನು ಎಸೆಯಬೇಡಿ.

ಸನ್‌ಸ್ಕ್ರೀನ್ ವಿಷಯದಲ್ಲಿ ಅಳತೆಯ ಪ್ರಶ್ನೆ ಎದ್ದು ಕಾಣುತ್ತದೆ. ಬಾಟಲಿಯ ಮೇಲಿನ ಎಸ್‌ಪಿಎಫ್ ಎಂಬ ಅಂಕಿ ರಕ್ಷಣೆಯ ಮಟ್ಟವನ್ನು ಸೂಚಿಸುತ್ತದೆ. ಎಸ್‌ಪಿಎಫ್ 15 ಇರುವುದು ಬಿಸಿಲುಸುಡಿತ ತರುವ ಯುವಿಬಿ ಎಂಬ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ. 93ನ್ನು ತಡೆಯುತ್ತದೆ, 30 ಇರುವುದು ಶೇ. 97ನ್ನು, 50 ಇರುವುದು ಶೇ. 98ನ್ನು. ಅಂದರೆ 30ರಿಂದ 50ಕ್ಕೆ ಏರಿದರೆ ಸಿಗುವ ಲಾಭ ಸಣ್ಣದು. ಆದರೆ ಈ ಅಂಕಿಗಳು ಪ್ರಯೋಗಾಲಯದಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ಬಂದವು. ದಿನಬಳಕೆಯಲ್ಲಿ ಜನ ಹಚ್ಚುವುದು ಅದರ ಅರ್ಧ, ಎಷ್ಟೋ ಸಲ ಕಾಲುಭಾಗ. ಆಗ ಬಾಟಲಿಯ ಮೇಲಿನ ಅಂಕಿಗೂ ನಿಮಗೆ ಸಿಗುವ ರಕ್ಷಣೆಗೂ ಸಂಬಂಧ ಕಡಿದುಹೋಗುತ್ತದೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಎಳೆ ಹಿಂಡಿಕೊಂಡರೆ ಮುಖ ಮತ್ತು ಕುತ್ತಿಗೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಷ್ಟು ದಪ್ಪಗೆ ಹಚ್ಚಲು ಮನಸ್ಸೊಪ್ಪದಂಥ ಜಿಗುಟಾದ ಸನ್‌ಸ್ಕ್ರೀನ್ ಎಷ್ಟೇ ದೊಡ್ಡ ಅಂಕಿಯದ್ದಾದರೂ ನಿಮಗೆ ಹೊಂದುವಂಥದ್ದಲ್ಲ. ಇಲ್ಲಿ ಮಾತ್ರ ಉತ್ಪನ್ನವನ್ನು ಬದಲಿಸಿ ಎಂದು ನಾನೇ ಹೇಳುತ್ತೇನೆ.

‘ನಾನು ಹೊರಗೆ ಹೋಗುವುದೇ ಇಲ್ಲ’ ಎನ್ನುವವರಿಗೆ ಒಂದು ಛಾಯಾಚಿತ್ರದ ಬಗ್ಗೆ ಹೇಳುತ್ತೇನೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 69 ವರ್ಷದ ಒಬ್ಬ ಟ್ರಕ್ ಚಾಲಕರ ಮುಖವನ್ನು ಪ್ರಕಟಿಸಿತು. ಅವರು 28 ವರ್ಷ ಟ್ರಕ್ ಓಡಿಸಿದ್ದರು. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪಗಟ್ಟಿ, ಆಳವಾದ ಸುಕ್ಕುಗಳಿಂದ ತುಂಬಿಹೋಗಿತ್ತು. ಬಲಗೆನ್ನೆಗೆ ಹೋಲಿಸಿದರೆ ಅದು ಎಷ್ಟೋ ವರ್ಷ ಹಳೆಯದಾಗಿ ಕಾಣುತ್ತಿತ್ತು. ಯುವಿಎ ಎಂಬ ಇನ್ನೊಂದು ಬಗೆಯ ನೇರಳಾತೀತ ಕಿರಣಗಳು ಗಾಜನ್ನು ದಾಟಿ ಬರುತ್ತವೆ. ನಿಮ್ಮ ಮೇಜು ಕಿಟಕಿಯ ಪಕ್ಕದಲ್ಲಿದ್ದರೆ ಯುವಿಎಯನ್ನೂ ತಡೆಯುವ ಸನ್‌ಸ್ಕ್ರೀನ್ ನಿಮಗೆ ಬೇಕು.

ಈಗ ಬಣ್ಣದ ವಿಷಯ. ನನಗೆ ಇದು ತುಂಬ ಮುಖ್ಯ. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಅದನ್ನು ವಿಂಗಡಿಸುವ ಮಾಪನವನ್ನು ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದರು. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಬೆಳಕಿನ ಚಿಕಿತ್ಸೆ ಕೊಡುವಾಗ ಎಷ್ಟು ಪ್ರಮಾಣದಿಂದ ಆರಂಭಿಸಬೇಕು ಎಂದು ತಿಳಿಯುವುದು ಅದರ ಉದ್ದೇಶ. ಮೊದಲು ಅದು ಬಿಳಿ ಚರ್ಮದವರಿಗಷ್ಟೇ ಇತ್ತು. ಕಂದು ಮತ್ತು ಕಪ್ಪು ಚರ್ಮಕ್ಕೆ ಐದನೆಯ, ಆರನೆಯ ದರ್ಜೆಗಳು ಸೇರಿದ್ದು ಆಮೇಲೆ. ಜಗತ್ತಿನಲ್ಲಿ ಹರಿದಾಡುವ ಆರೈಕೆಯ ಸಲಹೆಗಳಿಗೂ ಹಲವು ಸಲ ಇದೇ ಗತಿ. ಬೆಳ್ಳಗಿನ ಚರ್ಮದ ಮೇಲೆ ಪ್ರಬಲ ಆಮ್ಲ ಹಚ್ಚಿ ಕೆಂಪಾದರೆ ಕೆಲವು ದಿನಗಳಲ್ಲಿ ಅದು ಮಾಯವಾಗುತ್ತದೆ. ಕಂದು ಚರ್ಮದ ಮೇಲೆ ಅಷ್ಟೇ ಉರಿಯೂತವಾದರೆ ಕಪ್ಪು ಕಲೆ ಉಳಿದು ತಿಂಗಳುಗಟ್ಟಲೆ ಕಾಡಬಹುದು. ಕಲೆ ತೆಗೆಯಲೆಂದು ಹಚ್ಚಿದ್ದೇ ಕಲೆ ತರಿಸುವುದು ಹೀಗೆ. ಚರ್ಮದಲ್ಲಿ ಬಣ್ಣ ಹೆಚ್ಚಿದ್ದಷ್ಟೂ ನಿಧಾನವಾಗಿ ಹೋಗಬೇಕು ಎನ್ನುವುದಕ್ಕೆ ಕಾರಣ ಇದು. ಬಂಗು ಇರುವವರಿಗೆ ಇನ್ನೊಂದು ಮಾತು: ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಗಾಢಗೊಳಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣ ಬೆರೆತ ಸನ್‌ಸ್ಕ್ರೀನ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇಗ ಬೆಳ್ಳಗಾಗಿಸುವ ಭರವಸೆ ಕೊಡುವ, ಒಳಗೇನಿದೆ ಎಂದು ಬರೆಯದ ಕ್ರೀಮನ್ನು ದಯವಿಟ್ಟು ಮುಖಕ್ಕೆ ಮುಟ್ಟಿಸಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿರುವುದುಂಟು. ಅದು ಮೂತ್ರಪಿಂಡಕ್ಕೆ ವಿಷ. ಪಾದರಸದ ಬಳಕೆಯನ್ನು ನಿಯಂತ್ರಿಸುವ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದವು ಅಂಥ ಸೌಂದರ್ಯವರ್ಧಕಗಳನ್ನು ನಿಷೇಧದ ಪಟ್ಟಿಗೆ ಸೇರಿಸಿದೆ. ಇನ್ನು ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ ಹೊಳೆಯುತ್ತದೆ. ನಂತರ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು, ಮೊಡವೆ ಮತ್ತು ಕೂದಲು ಬೆಳೆದು, ಹಚ್ಚುವುದನ್ನು ನಿಲ್ಲಿಸಿದೊಡನೆ ಬೆಂಕಿಯಂತೆ ಉರಿಯುತ್ತದೆ. ಬಳಸುತ್ತಿರುವವರು ಇಲ್ಲಿದ್ದರೆ ನಾಚಿಕೊಳ್ಳಬೇಡಿ, ಆ ಟ್ಯೂಬನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ಅದರಿಂದ ಹೊರಬರುವುದನ್ನು ಅವರ ನಿಗಾದಲ್ಲಿ ಮಾಡಬೇಕು.

ತಳಹದಿ ನೆಲೆನಿಂತ ಮೇಲೆ, ಅಂದರೆ ಎರಡು ಮೂರು ವಾರ ಬಿಗಿತ, ಉರಿ ಇಲ್ಲದೆ ಕಳೆದ ಮೇಲೆ, ಔಷಧೀಯ ಗುಣದ ಪದಾರ್ಥಗಳ ಮಾತು. ಇಲ್ಲಿ ವಿಟಮಿನ್ ಎ ವರ್ಗಕ್ಕೆ ಸೇರಿದ ರೆಟಿನಾಯ್ಡ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಒಳ್ಳೆಯ ಔಷಧ ಅವಸರದಿಂದ ಕೆಟ್ಟ ಹೆಸರು ಪಡೆಯುವುದು ಇದರಲ್ಲೇ ಹೆಚ್ಚು. ಮೊಡವೆ, ಕಲೆ, ಸಣ್ಣ ಸುಕ್ಕು ಎಲ್ಲಕ್ಕೂ ಅದು ಉಪಯುಕ್ತ. ಮೊದಲ ರಾತ್ರಿಯೇ ಮುಖವಿಡೀ ಧಾರಾಳವಾಗಿ ಹಚ್ಚಿ, ಮರುದಿನವೂ ಹಚ್ಚಿ, ನಾಲ್ಕನೆಯ ದಿನಕ್ಕೆ ಬಾಯಿಯ ಅಂಚಿನಲ್ಲಿ ಸಿಪ್ಪೆ ಎದ್ದು ‘ನನಗೆ ಇದು ಆಗುವುದಿಲ್ಲ’ ಎಂದು ಬಿಟ್ಟವರು ಎಷ್ಟೋ ಮಂದಿ. ಅವರಿಗೆ ಆಗದೆ ಹೋದದ್ದು ಆ ಪ್ರಮಾಣ.

ಹೀಗೆ ಮಾಡಿ ನೋಡಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೆ ಎರಡು ರಾತ್ರಿ, ನಡುವೆ ಎರಡು ಮೂರು ದಿನದ ಬಿಡುವು. ತೊಳೆದ ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಿ. ಮಾಯಿಶ್ಚರೈಸರ್ ವಿಷಯದಲ್ಲಿ ಹೇಳಿದ್ದಕ್ಕೆ ಇದು ತಿರುಗುಮುರುಗು, ಏಕೆಂದರೆ ಒದ್ದೆ ಚರ್ಮದೊಳಗೆ ಅದು ಹೆಚ್ಚು ಇಳಿದು ಉರಿಸುತ್ತದೆ. ಕಣ್ಣಿನ ರೆಪ್ಪೆ, ಮೂಗಿನ ಮಡಿಕೆ, ತುಟಿಯ ಮೂಲೆಗಳಿಗೆ ಮೊದಲೇ ತುಸು ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ. ಇಷ್ಟಾದರೂ ಉರಿದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಯ್ಡ್. ಅದಕ್ಕೂ ಒಗ್ಗದಿದ್ದರೆ ಅರ್ಧ ಗಂಟೆ ಬಿಟ್ಟು ತೊಳೆದುಬಿಡಿ. ಎರಡು ಮೂರು ವಾರ ತೊಂದರೆ ಇಲ್ಲದಿದ್ದರೆ ವಾರಕ್ಕೆ ಒಂದು ರಾತ್ರಿ ಹೆಚ್ಚಿಸಿ. ವಾರಕ್ಕೆ ಮೂರು ರಾತ್ರಿಯಲ್ಲೇ ನಿಲ್ಲುವ ಚರ್ಮವೂ ಇರುತ್ತದೆ. ಅದನ್ನು ಸೋಲು ಎಂದುಕೊಳ್ಳಬೇಕಿಲ್ಲ, ನಿಮ್ಮ ಅಳತೆ ನಿಮಗೆ ಸಿಕ್ಕಿದೆ. ಬಸುರಿಯರು, ಬಸುರಿಗಾಗಿ ಯೋಚಿಸುತ್ತಿರುವವರು ಮಾತ್ರ ರೆಟಿನಾಯ್ಡ್ ಬಳಸಬಾರದು.

ಹೆಚ್ಚು ಪ್ರಬಲವಾದದ್ದೇ ಹೆಚ್ಚು ಒಳ್ಳೆಯದು ಎಂಬ ನಂಬಿಕೆಯನ್ನು ಬಿಡಿಸಲು ಒಂದು ಪ್ರಯೋಗದ ಫಲಿತಾಂಶ ಸಾಕು. ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಅನ್ನು ಶೇ. 2.5, 5 ಮತ್ತು 10ರ ಪ್ರಮಾಣಗಳಲ್ಲಿ ಹೋಲಿಸಿ 1986ರಲ್ಲಿ ವರದಿಯೊಂದು ಬಂತು. ಕೆಂಪು ಮೊಡವೆಗಳನ್ನು ತಗ್ಗಿಸುವುದರಲ್ಲಿ ಶೇ. 2.5ರದ್ದು ಉಳಿದೆರಡಕ್ಕೆ ಸಾಟಿಯಾಗಿತ್ತು, ಶೇ. 10ರದ್ದಕ್ಕೆ ಹೋಲಿಸಿದರೆ ಉರಿ, ಕೆಂಪು, ಸಿಪ್ಪೆ ಕಡಿಮೆಯಿತ್ತು. ಸೀರಮ್‌ಗಳಲ್ಲಿ ಬಳಸುವ, ವಿಟಮಿನ್ ಬಿ3ಯ ಒಂದು ರೂಪವಾದ ನಯಾಸಿನಮೈಡ್ ಕೂಡ ಶೇ. 2ರಿಂದ 5ರೊಳಗೆ ತನ್ನ ಕೆಲಸ ಮಾಡುತ್ತದೆ.

ಹೊಸದೊಂದನ್ನು ಮುಖಕ್ಕೆ ತರುವ ಮುನ್ನ ಮುಂಗೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ. ಒಂದೇ ದಿನ ಹಚ್ಚಿ ನೋಡಿದರೆ ಸಾಲದು, ಏಕೆಂದರೆ ಅಲರ್ಜಿ ಕಾಣಿಸಿಕೊಳ್ಳಲು ಎರಡು ಮೂರು ದಿನ ಹಿಡಿಯಬಹುದು. ಸುಗಂಧ ದ್ರವ್ಯಗಳು ಇದಕ್ಕೆ ಸಾಮಾನ್ಯ ಕಾರಣ. ಮೀಥೈಲ್‌ಐಸೊಥಯಜೊಲಿನೋನ್ ಎಂಬ ಸಂರಕ್ಷಕವನ್ನು ಅಮೆರಿಕದ ಸ್ಪರ್ಶ ಅಲರ್ಜಿ ತಜ್ಞರ ಸಂಘ 2013ರಲ್ಲಿ ವರ್ಷದ ಅಲರ್ಜಿಕಾರಕ ಎಂದೇ ಘೋಷಿಸಿತ್ತು. ಸೂಕ್ಷ್ಮ ಚರ್ಮದವರು ಡಬ್ಬಿಯ ಹಿಂಭಾಗದ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು.

ಮುಖಕ್ಕೆ ಬಂದ ಮೇಲೆ, ಸಂಶೋಧಕರು ಬಳಸುವ ಒಂದು ಉಪಾಯವನ್ನು ನೀವೂ ಬಳಸಬಹುದು. ಹೊಸ ಸೀರಮ್ ಅನ್ನು ಮುಖದ ಒಂದು ಪಕ್ಕಕ್ಕೆ ಮಾತ್ರ ಹಚ್ಚಿ, ಇನ್ನೊಂದು ಪಕ್ಕ ಹಳೆಯ ದಿನಚರಿಯಲ್ಲೇ ಇರಲಿ. ಹವೆ, ನಿದ್ರೆ, ಊಟ, ಹಾರ್ಮೋನು ಎಲ್ಲವೂ ಎರಡೂ ಕೆನ್ನೆಗಳಿಗೆ ಒಂದೇ. ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಅದೇ ದೂರದಿಂದ ಎರಡೂ ಕಡೆಯ ಫೋಟೊ ತೆಗೆದಿಡಿ. ದಿನವೂ ಕನ್ನಡಿ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಗೊತ್ತಾಗುವುದಿಲ್ಲ. ಫೋಟೊ ಮೋಸ ಮಾಡುವುದಿಲ್ಲ. ಯೌವನದಲ್ಲಿ ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಆದ್ದರಿಂದ ಮೊಡವೆಗೆ ಎಂಟರಿಂದ ಹನ್ನೆರಡು ವಾರ ಕೊಡದೆ, ಕಲೆಗೆ ಮೂರು ನಾಲ್ಕು ತಿಂಗಳು ಕೊಡದೆ ತೀರ್ಪು ಹೇಳಬೇಡಿ. ಉರಿ ಮತ್ತು ತುರಿಕೆ ಬಂದರೆ ಮಾತ್ರ ಅಷ್ಟು ಕಾಯಬಾರದು.

ರೆಟಿನಾಯ್ಡ್ ಶುರುಮಾಡಿದ ಆರಂಭದ ವಾರಗಳಲ್ಲಿ ಮೊಡವೆ ಸ್ವಲ್ಪ ಹೆಚ್ಚುವುದುಂಟು, ಅದೂ ಸಾಮಾನ್ಯವಾಗಿ ಮೊಡವೆ ಏಳುವ ಜಾಗದಲ್ಲೇ. ಎಂದೂ ಮೊಡವೆ ಇರದ ಕಡೆ ಗುಳ್ಳೆ ಎದ್ದರೆ, ತುರಿಸಿದರೆ, ಕಣ್ಣಿನ ಸುತ್ತ ಊದಿದರೆ ಅದನ್ನು ‘ಹೊಂದಿಕೊಳ್ಳುವ ಹಂತ’ ಎಂದು ಸಹಿಸಬೇಡಿ, ಕೂಡಲೇ ನಿಲ್ಲಿಸಿ. ಹಣೆಯ ಮೇಲೆ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳ ಸಾಲು ಯಾವ ಮೊಡವೆ ಕ್ರೀಮಿಗೂ ಜಗ್ಗದಿದ್ದರೆ ಅದು ಮಲಸೀಜಿಯಾ ಎಂಬ ಶಿಲೀಂಧ್ರದಿಂದ ಆಗಿರಬಹುದು. ಅದರ ಔಷಧವೇ ಬೇರೆ. ಚರ್ಮ ಪೂರ್ತಿ ಮುನಿಸಿಕೊಂಡಾಗ ಸೀರಮ್, ಆಮ್ಲ, ಸ್ಕ್ರಬ್ ಎಲ್ಲವನ್ನೂ ತೆಗೆದಿಟ್ಟು ಕ್ಲೆನ್ಸರ್, ಸುಗಂಧರಹಿತ ಕ್ರೀಮ್, ಸನ್‌ಸ್ಕ್ರೀನ್ ಮೂರಕ್ಕೇ ಮರಳಿ. ಎರಡರಿಂದ ನಾಲ್ಕು ವಾರ ಹಾಗೆ ಬಿಟ್ಟರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಆಮೇಲೆ ಒಂದೊಂದನ್ನೇ ಮರಳಿ ತನ್ನಿ. ಸರಿಹೋಗದಿದ್ದರೆ, ಮೊಡವೆ ಗುಂಡಿ ಬಿಡುತ್ತಿದ್ದರೆ, ಮಚ್ಚೆಯೊಂದು ಆಕಾರ ಬಣ್ಣ ಬದಲಿಸುತ್ತಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ವೈದ್ಯರಿಗೆ ತೋರಿಸಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ‘ಬಸುರಿನಲ್ಲಿ ರೆಟಿನಾಯ್ಡ್ ಬೇಡ ಎಂದಿರಿ, ಹಾಗಾದರೆ ಮೊಡವೆ, ಬಂಗು ಎರಡನ್ನೂ ಸುಮ್ಮನೆ ಸಹಿಸಬೇಕೇ?’ ಬೇಕಿಲ್ಲ. ಅಜೆಲಾಯಿಕ್ ಆಮ್ಲವನ್ನು ಬಸುರಿನಲ್ಲಿ ಸುರಕ್ಷಿತ ಎಂದು ಪರಿಗಣಿಸಲಾಗುತ್ತದೆ, ಅದು ಎರಡಕ್ಕೂ ಕೆಲಸ ಮಾಡುತ್ತದೆ. ಮೊದಲ ದಿನಗಳಲ್ಲಿ ತುಸು ಚುಚ್ಚಿದಂತಾಗಬಹುದು, ಒಂದು ದಿನ ಬಿಟ್ಟು ಒಂದು ದಿನ ಹಚ್ಚಿ ಶುರುಮಾಡಿ. ನಿಮ್ಮ ಪ್ರಸೂತಿ ವೈದ್ಯರಿಗೆ ಒಂದು ಮಾತು ತಿಳಿಸಿ.

ಇನ್ನೊಬ್ಬ ತಾಯಿ ಕೇಳಿದ್ದು: ‘ನನ್ನ ಮಗಳಿಗೆ ಹನ್ನೊಂದು ವರ್ಷ. ಸ್ನೇಹಿತೆಯರು ಹಚ್ಚುತ್ತಾರೆಂದು ಆಮ್ಲದ ಸೀರಮ್, ರೆಟಿನಾಲ್ ಬೇಕೆಂದು ಹಟ ಮಾಡುತ್ತಾಳೆ. ಏನು ಹೇಳಲಿ?’ ಹನ್ನೊಂದರ ಚರ್ಮ ತನ್ನನ್ನು ತಾನೇ ಚುರುಕಾಗಿ ಹೊಸದಾಗಿಸಿಕೊಳ್ಳುತ್ತಿರುತ್ತದೆ, ಸುಕ್ಕಿನ ಔಷಧಕ್ಕೆ ಅಲ್ಲಿ ಮಾಡುವ ಕೆಲಸವೇ ಇಲ್ಲ, ಉರಿಯಷ್ಟೇ ಉಳಿಯುತ್ತದೆ. ಆದರೆ ಬರೀ ಬೇಡ ಎಂದರೆ ಅವಳು ನಿಮ್ಮಿಂದ ಮುಚ್ಚಿಟ್ಟು ಹಚ್ಚುತ್ತಾಳೆ. ಅವಳದೇ ಎಂದು ಒಂದು ಸೌಮ್ಯ ಕ್ಲೆನ್ಸರ್, ಒಂದು ಸನ್‌ಸ್ಕ್ರೀನ್ ತಂದುಕೊಡಿ, ಚರ್ಮ ಒಣಗಿದ್ದರೆ ಒಂದು ಸಾದಾ ಮಾಯಿಶ್ಚರೈಸರ್. ಮೊಡವೆ ನಿಜಕ್ಕೂ ಶುರುವಾಗಿದ್ದರೆ ಅವಳನ್ನೇ ಕರೆದುಕೊಂಡು ಬನ್ನಿ. ಅವಳಿಗೆ ಬೇಕಾದ ಔಷಧದ ಪ್ರಮಾಣವನ್ನು ಅವಳ ಮುಖ ನೋಡಿಯೇ ಹೇಳಬೇಕು.